ಬ್ಯಾಂಕಾಕ್‌ನಿಂದ ಹೋಯ್ ಆನ್‌ವರೆಗೆ: ಮಲೇರಿಯಾ ಮಾತ್ರೆಗಿಂತ ಮೊದಲು ಯೋಚಿಸಬೇಕಾದದ್ದು

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾನು ಹುಬ್ಬಳ್ಳಿಯವಳು, 26 ವರ್ಷ. ಬರುವ ಆಗಸ್ಟ್‌ನಲ್ಲಿ ಕಾಲೇಜಿನ ನಾಲ್ವರು ಸೇರಿ 3 ವಾರ ಬ್ಯಾಗ್ ಹೆಗಲಿಗೇರಿಸಿ ಹೊರಟಿದ್ದೇವೆ. ಮೊದಲು ಬ್ಯಾಂಕಾಕ್, ಅಲ್ಲಿಂದ ಬಸ್ಸಿನಲ್ಲಿ ಕಾಂಬೋಡಿಯಾದ ಸಿಯೆಮ್ ರೀಪ್, ಅಂಕೋರ್ ದೇವಸ್ಥಾನಗಳು, ಆಮೇಲೆ ವಿಯೆಟ್ನಾಮಿನ ಹೋಯ್ ಆನ್, ಕೊನೆಗೆ ಫುಕೆಟ್ ಕಡಲತೀರ. ಒಬ್ಬನಿಗೆ ಆಸ್ತಮಾ ಇದೆ. ಒಬ್ಬಳು ಅಪ್ಪಟ ಸಸ್ಯಾಹಾರಿ. ಅಮ್ಮನಿಗೆ ಒಂದೇ ಭಯ, ಬೀದಿ ಊಟ ತಿಂದು ಕಾಯಿಲೆ ಬೀಳ್ತೀರಿ ಅಂತ. ದೊಡ್ಡಪ್ಪ ಮಲೇರಿಯಾ ಮಾತ್ರೆ ತಗೊಳ್ಳಿ, ಹಳದಿ ಜ್ವರದ ಇಂಜೆಕ್ಷನ್ ಹಾಕಿಸಿ ಅಂತಾರೆ. ಗೆಳೆಯನ ಅಣ್ಣನಿಗೆ ಬಾಲಿಯಲ್ಲಿ ಕೋತಿ ಪರಚಿತ್ತಂತೆ, ಅರಿಶಿಣ ಹಚ್ಚಿಕೊಂಡು ಸುಮ್ಮನಿದ್ದರಂತೆ, ಏನೂ ಆಗಲಿಲ್ಲವಂತೆ. ನಾವು ಅಲ್ಲಿ ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳಬೇಕು ಅಂತಿದ್ದೇವೆ. ಯಾವ ಇಂಜೆಕ್ಷನ್ ಬೇಕು, ಯಾವುದು ಬೇಡ? ನಿಜವಾಗಿ ಯಾವುದಕ್ಕೆ ಹೆದರಬೇಕು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಮನೆಯವರು ಹೆದರುತ್ತಿರುವುದು ಊಟಕ್ಕೆ, ಮಲೇರಿಯಾಕ್ಕೆ, ಹಳದಿ ಜ್ವರಕ್ಕೆ. ಪ್ರವಾಸ ಹೋಗುವವರನ್ನು ವರ್ಷಗಟ್ಟಲೆ ನೋಡಿರುವ ನನಗೆ ನಿಮ್ಮ ಪತ್ರದಲ್ಲಿ ಆತಂಕ ಹುಟ್ಟಿಸಿದ್ದು ಬೇರೆ ಎರಡು ಸಾಲು. ಒಂದು ಕೋತಿಯದು, ಇನ್ನೊಂದು ಸ್ಕೂಟರಿನದು. ಜೊತೆಗೆ ನೀವು ಬರೆಯದ ಒಂದು ವಿಷಯವೂ ಇದೆ. ನಾಲ್ವರು ಗೆಳೆಯರು ಒಟ್ಟಿಗೆ ಹೋದಾಗ ಒಬ್ಬರಿಗೆ ಏನಾದರೂ ಆದರೆ, ಉಳಿದವರ ಟ್ರಿಪ್ ಹಾಳಾಗಬಾರದು ಅಂತ ಅವರು ಮುಚ್ಚಿಡುತ್ತಾರೆ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಕ್ಲಿನಿಕ್‌ಗೆ ಬಂದ. ಥಾಯ್ಲೆಂಡಿನ ಒಂದು ದೇವಸ್ಥಾನದಲ್ಲಿ ಕೋತಿ ಅವನ ಮುಂಗೈಗೆ ಪರಚಿ ರಕ್ತ ಬಂದಿತ್ತು. ಮರುದಿನ ದೋಣಿ ಬುಕ್ ಆಗಿತ್ತು. ಆಸ್ಪತ್ರೆ ಅಂದರೆ ಒಂದು ದಿನ ಹೋಗುತ್ತೆ ಅಂತ ಯಾರಿಗೂ ಹೇಳಲಿಲ್ಲ. ಉದ್ದ ತೋಳಿನ ಶರ್ಟ್ ಹಾಕಿಕೊಂಡು ಓಡಾಡಿದ. ಊರಿಗೆ ಬಂದ ಮೇಲೆ ರಾತ್ರಿ ನಿದ್ದೆ ಬಾರದೆ ನನ್ನ ಹತ್ತಿರ ಬಂದ. ಆಗಲೇ 20 ದಿನ ಕಳೆದಿತ್ತು. ರೇಬೀಸ್ ತಡೆಯುವ ಚಿಕಿತ್ಸೆ ಶುರು ಮಾಡಿದೆವು, ಅವನಿಗೆ ಏನೂ ಆಗಲಿಲ್ಲ. ಆದರೆ ಆ 20 ದಿನವನ್ನು ನೆನೆದರೆ ನನಗೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಗೆಳೆಯನ ಅಣ್ಣನಿಗೆ ಏನೂ ಆಗಲಿಲ್ಲ ಅಂದಿರಲ್ವಾ, ಅದು ನಿಜ ಇರಬಹುದು. ಎಲ್ಲ ಕೋತಿಗೂ ರೇಬೀಸ್ ಇರುವುದಿಲ್ಲ. ಹಾಗಂತ ಅವರನ್ನು ಕಾಪಾಡಿದ್ದು ಅರಿಶಿಣ ಅಲ್ಲ. ಆ ಕೋತಿಗೆ ರೋಗ ಇರಲಿಲ್ಲ, ಅಷ್ಟೇ. ಬಾಲಿಯಲ್ಲಿ 2008ರಿಂದ ರೇಬೀಸ್ ಇದೆ. ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂ ಮೂರರಲ್ಲೂ ಇದೆ. ಮುಖ್ಯವಾಗಿ ಹರಡುವುದು ನಾಯಿ. ದೇವಸ್ಥಾನದ ನೆರಳಲ್ಲಿ ಮಲಗಿರುವ ನಾಯಿಗಳು ಸಾಧು, ಭಿಕ್ಷುಗಳು ಸಾಕಿದ್ದಾರೆ, ಎಲ್ಲಕ್ಕೂ ಲಸಿಕೆ ಆಗಿರುತ್ತೆ ಅಂತ ಪ್ರವಾಸಿಗರು ನಂಬಿಬಿಡುತ್ತಾರೆ. ಹಾಗೆ ನಂಬಲು ಯಾವ ಆಧಾರವೂ ಇಲ್ಲ.

ಈ ವೈರಸ್ ಕೆಲಸ ಮಾಡುವ ರೀತಿ ಗೊತ್ತಾದರೆ ಅವಸರ ಯಾಕೆ ಅನ್ನುವುದು ತಾನಾಗಿ ತಿಳಿಯುತ್ತದೆ. ಅದು ಗಾಯದಿಂದ ನರದೊಳಗೆ ಹೋಗುತ್ತದೆ. ನರದ ದಾರಿಯಲ್ಲಿ ನಿಧಾನವಾಗಿ ಮೆದುಳಿನ ಕಡೆ ಸಾಗುತ್ತದೆ. ಸಾಮಾನ್ಯವಾಗಿ ಇದಕ್ಕೆ ವಾರಗಳು, ತಿಂಗಳುಗಳು ಬೇಕು. ಮುಖ, ಕುತ್ತಿಗೆ, ಕೈಬೆರಳಿಗೆ ಕಚ್ಚಿದರೆ ಬೇಗ. ಮೆದುಳು ಮುಟ್ಟಿ ಲಕ್ಷಣ ಕಾಣಿಸಿಕೊಂಡರೆ ಉಳಿಸುವ ಔಷಧಿ ಇಲ್ಲ. ಮುಟ್ಟುವ ಮುಂಚೆ ತಡೆದರೆ ಹೆಚ್ಚುಕಡಿಮೆ ಎಲ್ಲರೂ ಉಳಿಯುತ್ತಾರೆ. ಅಂದರೆ ದಾರಿಯಲ್ಲೇ ಅದನ್ನು ಹಿಡಿಯಬೇಕು.

ಹಿಡಿಯುವ ಮೊದಲ ಆಯುಧ ಸೋಪು. ಸುರಿಯುವ ನೀರಿನ ಕೆಳಗೆ 15 ನಿಮಿಷ ಸೋಪು ಹಚ್ಚಿ ತೊಳೆಯಬೇಕು. ಈ ವೈರಸ್ಸಿನ ಹೊರಪದರ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. 15 ನಿಮಿಷ ಅಂದರೆ ತುಂಬಾ ಹೊತ್ತು, ಗಡಿಯಾರ ನೋಡಿಕೊಂಡೇ ತೊಳೆಯಿರಿ. ಅರಿಶಿಣ, ಸುಣ್ಣ, ಮೆಣಸಿನಪುಡಿ ಯಾವುದೂ ಬೇಡ. ಅವು ಗಾಯವನ್ನು ಕೆರಳಿಸುತ್ತವೆ, ತೊಳೆಯುವ ಸಮಯವನ್ನೂ ತಿನ್ನುತ್ತವೆ. ಆಮೇಲೆ ಅದೇ ದಿನ ಲಸಿಕೆ. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ ಅನ್ನುವ ಇಂಜೆಕ್ಷನ್ ಅನ್ನು ಗಾಯದ ಒಳಗೂ ಸುತ್ತಲೂ ಕೊಡುತ್ತಾರೆ. ಲಸಿಕೆ ಕೆಲಸ ಶುರುಮಾಡಲು ಒಂದು ವಾರಕ್ಕೂ ಜಾಸ್ತಿ ಬೇಕು. ಅಲ್ಲಿಯವರೆಗೆ ಕಾವಲು ಕಾಯುವುದು ಇದು. ಹೊಕ್ಕಳ ಸುತ್ತ 14 ಸೂಜಿ ಚುಚ್ಚುತ್ತಾರೆ ಅನ್ನುವುದು ಹಳೆಯ ಕಾಲದ ಮಾತು. ಈಗ ತೋಳಿಗೆ ಕೊಡುತ್ತಾರೆ, ನಾಲ್ಕೈದು ಡೋಸ್ ಸಾಕು. ಇನ್ನೊಂದು ಸಂಗತಿ ಹೇಳಬೇಕು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಚೂರು ಚೂರೇ ಲಸಿಕೆ ಕೊಡುವ ಪದ್ಧತಿ ಇದೆಯಲ್ಲ, ಅದು ಬಂದಿದ್ದೇ ಬ್ಯಾಂಕಾಕ್‌ನ ಥಾಯ್ ರೆಡ್ ಕ್ರಾಸ್‌ನಿಂದ. ಅವರ ಕ್ವೀನ್ ಸಾವೊವಭಾ ಸಂಸ್ಥೆ ಈ ವಿಷಯದಲ್ಲಿ ಜಗತ್ತಿಗೇ ಪಾಠ ಹೇಳಿದ ಜಾಗ. ಕಾಂಬೋಡಿಯಾದಲ್ಲಿ ನೊಮ್ ಪೆನ್ ನಗರದ ಪಾಶ್ಚರ್ ಸಂಸ್ಥೆಯಲ್ಲಿ ಒಳ್ಳೆಯ ರೇಬೀಸ್ ಕ್ಲಿನಿಕ್ ಇದೆ.

ತೊಂದರೆ ಆಗುವುದು ದೊಡ್ಡ ನಗರದಲ್ಲಲ್ಲ. ಸಣ್ಣ ಊರು, ದ್ವೀಪಗಳಲ್ಲಿ ಲಸಿಕೆ ಸಿಕ್ಕರೂ ಇಮ್ಯುನೋಗ್ಲೋಬ್ಯುಲಿನ್ ಸಿಗದೇ ಹೋಗಬಹುದು. ಕಚ್ಚಿದ ನಾಯಿಯನ್ನು 10 ದಿನ ನೋಡಿ, ಆರೋಗ್ಯವಾಗಿದ್ದರೆ ಭಯ ಇಲ್ಲ ಅನ್ನುವ ನಿಯಮ ಊರಲ್ಲಿರುವವರಿಗೆ ಸರಿ. ನಿಮ್ಮ ಬಸ್ಸು ಮರುದಿನ ಬೆಳಗ್ಗೆ ಹೊರಡುತ್ತೆ, ಆ ನಾಯಿಯನ್ನು ನೋಡುವವರು ಯಾರು? ಕೋತಿಗಂತೂ ಈ ನಿಯಮ ಅನ್ವಯಿಸುವುದೇ ಇಲ್ಲ.

ಹಾಗಾಗಿ ನಿಮ್ಮ ಮುಂದೆ ಎರಡು ದಾರಿ ಇವೆ. ಒಂದು, ಏನೂ ಹಾಕಿಸದೆ ಹೋಗುವುದು. ಕಚ್ಚಿದರೆ ಪ್ರವಾಸ ಬಿಟ್ಟು ಇಮ್ಯುನೋಗ್ಲೋಬ್ಯುಲಿನ್ ಇರುವ ನಗರಕ್ಕೆ ಓಡಬೇಕು. ಇನ್ನೊಂದು, ಹೊರಡುವ ಮುಂಚೆಯೇ ಲಸಿಕೆ ಹಾಕಿಸಿಕೊಳ್ಳುವುದು. ಎರಡು ಡೋಸ್, 7 ದಿನದ ಅಂತರದಲ್ಲಿ, ಅಷ್ಟು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಿಂದ ಹೇಳುತ್ತಿದೆ. ನಮ್ಮಲ್ಲಿ ಹಲವು ವೈದ್ಯರು 21 ಅಥವಾ 28ನೇ ದಿನ ಮೂರನೆಯದನ್ನೂ ಕೊಡುತ್ತಾರೆ. ಒಂದು ಡೋಸ್‌ಗೆ ಕೆಲವು ನೂರು ರೂಪಾಯಿ. ಇದನ್ನು ಹಾಕಿಸಿಕೊಂಡವರಿಗೆ ಕಚ್ಚಿದರೆ ಮತ್ತೆ ಎರಡೇ ಡೋಸ್ ಸಾಕು, ಆ ದಿನ ಒಂದು, 3ನೇ ದಿನ ಒಂದು. ಸಿಗದೇ ಪರದಾಡಿಸುವ ಇಮ್ಯುನೋಗ್ಲೋಬ್ಯುಲಿನ್ ಬೇಕಾಗುವುದೇ ಇಲ್ಲ. ಮೂರು ವಾರದ ಹಾದಿ, ದೇವಸ್ಥಾನ, ದ್ವೀಪ ಎಲ್ಲ ಇರುವುದರಿಂದ ನಾನು ಎರಡನೆಯ ದಾರಿಯನ್ನೇ ಹೇಳುತ್ತೇನೆ. ಆದರೆ ಲಸಿಕೆ ಆಗಿದೆ ಅಂತ ಕಚ್ಚಿದಾಗ ಸುಮ್ಮನಿರುವ ಹಾಗಿಲ್ಲ. ಅದೊಂದೇ ಇದರಲ್ಲಿರುವ ಅಪಾಯ. ಹಂಪಿಯಲ್ಲಿ, ಚಾಮುಂಡಿ ಬೆಟ್ಟದಲ್ಲಿ ಕೋತಿಯ ಮುಂದೆ ಹೇಗೆ ಬಾಳೆಹಣ್ಣು ತೆಗೆಯುವುದಿಲ್ಲವೋ, ಅಲ್ಲೂ ಹಾಗೇ ಇರಿ.

ಈಗ ಸ್ಕೂಟರ್. ಹುಬ್ಬಳ್ಳಿ ಟ್ರಾಫಿಕ್‌ನಲ್ಲಿ ಓಡಿಸಿದವರಿಗೆ ಹೋಯ್ ಆನ್ ಯಾವ ಲೆಕ್ಕ ಅಂತ ನಿಮಗೆ ಅನ್ನಿಸಬಹುದು. ಥಾಯ್ಲೆಂಡಿನಲ್ಲಿ ನಮ್ಮ ಹಾಗೇ ರಸ್ತೆಯ ಎಡಗಡೆ ಓಡಿಸುತ್ತಾರೆ. ಕಾಂಬೋಡಿಯಾ, ವಿಯೆಟ್ನಾಂನಲ್ಲಿ ಬಲಗಡೆ. ನೆಮ್ಮದಿಯಾಗಿ ಹೋಗುವಾಗ ಇದು ನೆನಪಿರುತ್ತದೆ. ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ಕೈ ಯೋಚಿಸುವುದಿಲ್ಲ, ಹತ್ತು ವರ್ಷದ ಅಭ್ಯಾಸದಂತೆ ಎಡಕ್ಕೆ ತಿರುಗುತ್ತದೆ. ಆಗಸ್ಟ್‌ನಲ್ಲಿ ಥಾಯ್ಲೆಂಡಿನ ರಸ್ತೆ ಒದ್ದೆಯಾಗಿರುತ್ತದೆ, ದ್ವೀಪಗಳಲ್ಲಿ ಏರಿಳಿತ ಕಡಿದು. ಚಪ್ಪಲಿ, ಚಡ್ಡಿ ಹಾಕಿಕೊಂಡು ಬಿದ್ದವರ ಮೊಣಕಾಲಿನ ಚರ್ಮ ರಸ್ತೆಯಲ್ಲೇ ಉಳಿದಿರುತ್ತದೆ. ಸೈಲೆನ್ಸರ್ ತಾಗಿ ಕಾಲು ಸುಟ್ಟುಕೊಂಡು ಬರುವವರಂತೂ ಲೆಕ್ಕವಿಲ್ಲ. ಆ ಗಾಯಕ್ಕೆ ಬೆವರು, ಮರಳು, ಉಪ್ಪುನೀರು ಸೇರಿದರೆ ವಾಸಿಯಾಗಲು ತಿಂಗಳು ಹಿಡಿಯುತ್ತದೆ.

ಇದಕ್ಕಿಂತ ದೊಡ್ಡ ಪೆಟ್ಟು ದುಡ್ಡಿನದು. ನಮ್ಮ ಆರ್‌ಟಿಒ 1,000 ರೂಪಾಯಿ ಶುಲ್ಕಕ್ಕೆ ಒಂದು ವರ್ಷದ ಐಡಿಪಿ ಕೊಡುತ್ತದೆ, ಅಂದರೆ ಬೇರೆ ದೇಶದಲ್ಲಿ ಗಾಡಿ ಓಡಿಸುವ ಪರವಾನಗಿ. ಅದು 1949ರ ಜಿನೀವಾ ಒಪ್ಪಂದದ ಪರವಾನಗಿ. ಥಾಯ್ಲೆಂಡ್ ಒಪ್ಪುತ್ತದೆ, ನಿಮ್ಮ ಡಿಎಲ್‌ನಲ್ಲಿ ದ್ವಿಚಕ್ರ ಇದ್ದರೆ ಮಾತ್ರ. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ ಪರವಾನಗಿಯನ್ನು. ಬಾಡಿಗೆ ಅಂಗಡಿಯವರು ಇದನ್ನೆಲ್ಲ ಕೇಳುವುದಿಲ್ಲ, ಕೀ ಕೊಟ್ಟುಬಿಡುತ್ತಾರೆ. ಕೇಳುವುದು ಇನ್ಶೂರೆನ್ಸ್ ಕಂಪನಿ, ಅದೂ ನೀವು ಕಾಲು ಮುರಿದುಕೊಂಡ ಮೇಲೆ. ಆ ದೇಶದಲ್ಲಿ ನಡೆಯುವ ಪರವಾನಗಿ ಇಲ್ಲದಿದ್ದರೆ, ಹೆಲ್ಮೆಟ್ ಇಲ್ಲದಿದ್ದರೆ, ಕುಡಿದಿದ್ದರೆ ಕ್ಲೇಮ್ ಕೈಬಿಟ್ಟಿತು ಅಂತಲೇ ತಿಳಿಯಿರಿ. ಆಪರೇಷನ್ ಖರ್ಚು, ಊರಿಗೆ ಕರೆತರುವ ಖರ್ಚು ಎಲ್ಲ ಮನೆಯವರ ತಲೆ ಮೇಲೆ.

ನನ್ನ ಮಾತು ಹೀಗೆ. ವಿಯೆಟ್ನಾಂನಲ್ಲಿ ಸ್ಕೂಟರ್ ಬೇಡವೇ ಬೇಡ. ಹೋಯ್ ಆನ್ ಸಮತಟ್ಟಾದ ಊರು, ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ಕಡಲತೀರಕ್ಕೂ ಸೈಕಲ್ಲಿನಲ್ಲೇ ಹೋಗಬಹುದು. ಹೈ ವಾನ್ ಘಾಟಿ ನೋಡಲೇಬೇಕು ಅನ್ನಿಸಿದರೆ ಸ್ಥಳೀಯರು ಓಡಿಸುವ ಬೈಕಿನ ಹಿಂದೆ ಕೂತು ಹೋಗಿ, ನೋಡಲು ಕಣ್ಣೂ ಬಿಡುವಾಗಿರುತ್ತದೆ. ಅಂಕೋರ್ ಸುತ್ತಲು ದಿನಕ್ಕೊಂದು ಟುಕ್‌ಟುಕ್ ಗೊತ್ತು ಮಾಡಿಕೊಳ್ಳಿ, ನಾಲ್ವರು ಹಂಚಿಕೊಂಡರೆ ಭಾರವಲ್ಲ. ಥಾಯ್ಲೆಂಡಿನಲ್ಲಿ ಓಡಿಸಲೇಬೇಕು ಅಂದರೆ ಐಡಿಪಿ, ಗಟ್ಟಿ ಹೆಲ್ಮೆಟ್, ಶೂ, ಹಗಲು ಮಾತ್ರ. ಪಾಸ್‌ಪೋರ್ಟನ್ನು ಅಡ ಇಡಬೇಡಿ, ನಗದು ಡಿಪಾಸಿಟ್ ಮತ್ತು ಜೆರಾಕ್ಸ್ ಕೊಡಿ. ನಾಲ್ವರಲ್ಲಿ ಒಬ್ಬರಿಗೆ ಓಡಿಸಲು ಧೈರ್ಯ ಇಲ್ಲದಿದ್ದರೆ ಅವರನ್ನು ಛೇಡಿಸಬೇಡಿ.

ಬಸ್ಸಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬ್ಯಾಂಕಾಕ್‌ನಿಂದ ಸಿಯೆಮ್ ರೀಪ್‌ಗೆ ಬಸ್ಸು ಅನ್ನುವುದು ಹಳೆಯ ಬ್ಯಾಕ್‌ಪ್ಯಾಕರ್ ದಾರಿ. 2025ರ ಜುಲೈನಲ್ಲಿ ಎರಡೂ ದೇಶಗಳ ಸೈನ್ಯದ ನಡುವೆ ಗಡಿಯಲ್ಲಿ ಕಾದಾಟ ನಡೆಯಿತು, ಗಡಿ ದಾಟುವ ದಾರಿಗಳು ಮುಚ್ಚಿದವು. ವಿಮಾನ ಅಂತಲೇ ಲೆಕ್ಕ ಹಾಕಿಕೊಳ್ಳಿ. ಗಡಿ ಭಾಗದ ಹಳೆಯ ದೇವಸ್ಥಾನಗಳ ಆಸೆ ಈ ಸಲ ಬಿಡಿ. ಕಾಂಬೋಡಿಯಾದ ಹಳ್ಳಿಗಾಡಿನಲ್ಲಿ ಯುದ್ಧಕಾಲದ ನೆಲಬಾಂಬುಗಳು ಇನ್ನೂ ಉಳಿದಿವೆ, ಎಲ್ಲೇ ಹೋದರೂ ತುಳಿದ ದಾರಿ ಬಿಟ್ಟು ಪೊದೆಗೆ ಕಾಲಿಡಬೇಡಿ. ಅಂಕೋರ್ ವಾಟ್ ಒಂದೇ ಕಣ್ಣು ತುಂಬಿಸುತ್ತದೆ. ಅದರ ಮೊಗಸಾಲೆಯ ಗೋಡೆಯಲ್ಲಿ ಸುಮಾರು 49 ಮೀಟರ್ ಉದ್ದಕ್ಕೆ ಸಮುದ್ರಮಥನ ಕೆತ್ತಿದ್ದಾರೆ. ಚಿಕ್ಕಂದಿನಲ್ಲಿ ಆ ಕಥೆ ಕೇಳಿ ಬೆಳೆದ ನಮಗೆ ಅಲ್ಲಿ ಗೈಡ್ ಬೇಕಾಗುವುದಿಲ್ಲ. ಬೆಳಗ್ಗೆ 10ರೊಳಗೆ ಹೊರಗಿನ ಓಡಾಟ ಮುಗಿಸಿ, ಸೆಖೆ ಏರಿದ ಮೇಲೆ ನೆರಳಿರುವ ಈ ಮೊಗಸಾಲೆಯಲ್ಲಿ ನಿಧಾನವಾಗಿ ನೋಡಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಅಲ್ಲಿ ಬೇಕೇ ಬೇಕು, ಬಿಸಿಲಿಗೂ ಸೊಳ್ಳೆಗೂ ಅದೇ ಒಳ್ಳೆಯದು.

ದೊಡ್ಡಪ್ಪನವರ ಮಾತಿಗೆ ಬರೋಣ. ಹಳದಿ ಜ್ವರ ಏಷ್ಯಾದಲ್ಲಿ ಇಲ್ಲ. ಆಫ್ರಿಕಾ, ದಕ್ಷಿಣ ಅಮೆರಿಕದ ಕಡೆಯಿಂದ ಬರುವವರಿಗೆ ಆ ಇಂಜೆಕ್ಷನ್ ಕೇಳುತ್ತಾರೆ, ಭಾರತದಿಂದ ನೇರವಾಗಿ ಹೋಗುವ ನಿಮಗಲ್ಲ. ಮಲೇರಿಯಾ ಇರುವುದು ಗಡಿಯ ಕಾಡುಗಳಲ್ಲಿ. ಬ್ಯಾಂಕಾಕ್, ಸಿಯೆಮ್ ರೀಪ್, ಹೋಯ್ ಆನ್ ದಾರಿಗೆ ಮಾತ್ರೆ ಬೇಡ. ಕಾಡಿನ ಟ್ರೆಕ್ಕಿಂಗ್ ಸೇರಿಸಿದರೆ ಮಾತ್ರ ನನಗೆ ತಿಳಿಸಿ. ಆಗಲೂ ಮನೆಯಲ್ಲಿರುವ ಕ್ಲೋರೋಕ್ವಿನ್ ನುಂಗಬೇಡಿ. ಆ ಕಾಡಿನ ಮಲೇರಿಯಾ ಹಲವು ಔಷಧಿಗಳಿಗೆ ಬಗ್ಗುವುದಿಲ್ಲ.

ನಿಮ್ಮ ದಾರಿಯಲ್ಲಿ ನಿಜವಾಗಿ ಇರುವುದು ಡೆಂಗಿ. ಅದನ್ನು ತರುವ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ, ಮುಖ್ಯವಾಗಿ ಬೆಳಗ್ಗೆ ಮತ್ತು ಸಂಜೆ. ರಾತ್ರಿ ಪರದೆ ಕಟ್ಟಿ ಮಲಗಿದರೆ ಸಾಲದು. ಸೊಳ್ಳೆ ಓಡಿಸುವ ಡೀಟ್ ಅನ್ನುವ ಅಂಶ 20ರಿಂದ 30% ಇರುವ ಕ್ರೀಮ್ ಹಗಲಲ್ಲೂ ಹಚ್ಚಿ, ಸನ್‌ಸ್ಕ್ರೀನ್ ಮೊದಲು, ಅದರ ಮೇಲೆ ಇದು. ಜ್ವರ, ಕಣ್ಣಿನ ಹಿಂದೆ ನೋವು, ಮೈ ಮುರಿದಂತೆ ಆದರೆ ಪ್ಯಾರಸಿಟಮಾಲ್ ಮಾತ್ರ ತೆಗೆದುಕೊಳ್ಳಿ. ಬ್ರೂಫೆನ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸಬಹುದು. ಇಲ್ಲೊಂದು ಮೋಸ ಇದೆ. ಮೂರ್ನಾಲ್ಕು ದಿನಕ್ಕೆ ಜ್ವರ ಇಳಿಯುತ್ತದೆ. ಎಲ್ಲರೂ ಖುಷಿಯಾಗಿ ಬ್ಯಾಗ್ ಕಟ್ಟುತ್ತಾರೆ. ಆದರೆ ಡೆಂಗಿಯಲ್ಲಿ ಅಪಾಯದ ಹೊತ್ತು ಆಗಲೇ ಶುರು, ಮುಂದಿನ 24ರಿಂದ 48 ಗಂಟೆ. ರಕ್ತನಾಳದಿಂದ ನೀರಿನಂಶ ಸೋರಿ ರಕ್ತದೊತ್ತಡ ಕುಸಿಯಬಹುದು. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಆಸ್ಪತ್ರೆಗೆ ಹೋಗಬೇಕು. ಪಪ್ಪಾಯಿ ಎಲೆ ರಸ ಕುಡಿದರೆ ಪ್ಲೇಟ್‌ಲೆಟ್ ಏರುತ್ತೆ ಅಂತ ಮನೆಯಿಂದ ಫೋನ್ ಬರುತ್ತದೆ. ಡೆಂಗಿಯಲ್ಲಿ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಈ ಸೋರಿಕೆ, ಪ್ಲೇಟ್‌ಲೆಟ್ ಎಣಿಕೆಯಲ್ಲ. ಕಹಿ ರಸ ವಾಂತಿ ತರಿಸಿದರೆ ಇದ್ದ ನೀರೂ ಹೋಗುತ್ತದೆ. ಜ್ವರ ಬಂದ ಗೆಳೆಯನನ್ನು ರಾತ್ರಿ ಬಸ್ಸಿಗೆ ಹತ್ತಿಸಬೇಡಿ. ಎರಡು ದಿನ ಅಲ್ಲೇ ನಿಲ್ಲಿ. ನಿಮಗೆ ಹಿಂದೆ ಡೆಂಗಿ ಬಂದಿದ್ದರೆ ಇನ್ನೂ ಹುಷಾರು, ಎರಡನೇ ಸಲ ಜೋರಾಗಿ ಬರುವ ಸಾಧ್ಯತೆ ಜಾಸ್ತಿ.

ಅಮ್ಮನಿಗೆ ಹೇಳಿ, ಬೀದಿ ಊಟ ಅವರು ಅಂದುಕೊಂಡಷ್ಟು ಕೆಟ್ಟದಲ್ಲ. ಕಣ್ಣೆದುರೇ ಬಾಣಲೆಯಲ್ಲಿ ಬೆಂದು ಬಿಸಿಬಿಸಿ ತಟ್ಟೆಗೆ ಬೀಳುವುದು, ಹೋಟೆಲಿನಲ್ಲಿ ಬೆಳಗಿನಿಂದ ಉಗುರುಬೆಚ್ಚಗೆ ಕೂತಿರುವ ಬಫೆಗಿಂತ ಎಷ್ಟೋ ವಾಸಿ. ನಡುವೆ ತೂತಿರುವ ಕೊಳವೆಯಂಥ ಐಸ್ ಕಾರ್ಖಾನೆಯದು, ಸಾಮಾನ್ಯವಾಗಿ ತೊಂದರೆ ಇಲ್ಲ. ಹಣ್ಣು ಇಡಿಯಾಗಿ ಕೊಂಡು ನೀವೇ ಸುಲಿದು ತಿನ್ನಿ. ಪಾನಿಪುರಿ ತಿಂದು ಬೆಳೆದವರಿಗೆ ಏನೂ ಆಗಲ್ಲ ಅನ್ನುವುದು ಅರ್ಧ ಸತ್ಯ, ಅಲ್ಲಿನ ಬ್ಯಾಕ್ಟೀರಿಯಾ ನಿಮ್ಮ ಹೊಟ್ಟೆಗೆ ಹೊಸತು. ಭೇದಿಯಾದರೆ ಓಆರ್‌ಎಸ್, ದೊಡ್ಡ ಪೊಟ್ಟಣ ಒಂದಕ್ಕೆ 1 ಲೀಟರ್ ನೀರು. ಮೆಡಿಕಲ್ ಶಾಪಿನಲ್ಲಿ ಕೇಳಿ ಸಿಪ್ರೋಫ್ಲಾಕ್ಸಸಿನ್ ಅನ್ನುವ ಆಂಟಿಬಯಾಟಿಕ್ ಕೊಂಡೊಯ್ಯಬೇಡಿ, ಆ ಭಾಗದ ಬ್ಯಾಕ್ಟೀರಿಯಾ ಎಷ್ಟೋ ಸಲ ಅದಕ್ಕೆ ಜಗ್ಗುವುದಿಲ್ಲ. ಮಲದಲ್ಲಿ ರಕ್ತ, ಜ್ವರ ಇದ್ದರೆ ವೈದ್ಯರ ಹತ್ತಿರ ಹೋಗಿ. ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆ ಹಾಕಿಸಿರಿ, ಟೆಟನಸ್ ಹಾಕಿಸಿ 10 ವರ್ಷ ದಾಟಿದ್ದರೆ ಅದೂ.

ಸಸ್ಯಾಹಾರಿ ಗೆಳತಿಗೆ ಮಾರ್ಕೆಟ್‌ನಲ್ಲಿ ಕಷ್ಟ ಆಗುವುದು ಮೀನಿನ ಸಾಸ್ ಮತ್ತು ಸಿಗಡಿ ಪೇಸ್ಟ್‌ನಿಂದ. ತರಕಾರಿ ಪಲ್ಯದಲ್ಲೂ ಅವು ಇರುತ್ತವೆ. ಥಾಯ್ಲೆಂಡಿನಲ್ಲಿ 'ಜೇ' ಅನ್ನಿ, ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಹುಡುಕಿ. ಅಲ್ಲಿ ಬೆಳ್ಳುಳ್ಳಿ, ಈರುಳ್ಳಿ ಕೂಡ ಹಾಕುವುದಿಲ್ಲ. ವಿಯೆಟ್ನಾಂನಲ್ಲಿ 'ಚಾಯ್' ಅಂದರೆ ಅರ್ಥವಾಗುತ್ತದೆ. ಆಸ್ತಮಾ ಇರುವ ಗೆಳೆಯ ಎರಡು ಇನ್ಹೇಲರ್ ಒಯ್ಯಲಿ, ಒಂದು ತನ್ನ ಜೇಬಿನಲ್ಲಿ, ಇನ್ನೊಂದು ನಿಮ್ಮ ಬ್ಯಾಗಿನಲ್ಲಿ. ದೇವಸ್ಥಾನದ ಊದುಬತ್ತಿ ಹೊಗೆ, ಹಾಸ್ಟೆಲಿನ ಸೊಳ್ಳೆಬತ್ತಿ ಎರಡೂ ಅವನಿಗೆ ಆಗುವುದಿಲ್ಲ. ವೈದ್ಯರ ಚೀಟಿ ಜೊತೆಗಿರಲಿ. ಇನ್ಶೂರೆನ್ಸ್ ಅರ್ಜಿಯಲ್ಲಿ ಆಸ್ತಮಾ ಮುಚ್ಚಿಡಬಾರದು.

ಕಡಲಿನ ವಿಷಯಕ್ಕೆ ನಿಮ್ಮ ಯೋಜನೆಯನ್ನೇ ಬದಲಿಸಿ ಅನ್ನುತ್ತೇನೆ. ಆಗಸ್ಟ್‌ನಲ್ಲಿ ನಮ್ಮ ಕರಾವಳಿಗೆ ಮಳೆ ತರುವ ಅದೇ ನೈರುತ್ಯ ಮುಂಗಾರು ಫುಕೆಟ್‌ಗೂ ಬಡಿಯುತ್ತಿರುತ್ತದೆ. ಆಗ ಮುರ್ಡೇಶ್ವರದಲ್ಲಿ ನೀರಿಗೆ ಇಳಿಯುತ್ತೀರಾ? ದಡಕ್ಕೆ ಬಂದ ನೀರು ಒಂದು ಕಿರಿದಾದ ದಾರಿ ಮಾಡಿಕೊಂಡು ಜೋರಾಗಿ ಹಿಂದಕ್ಕೆ ಹರಿಯುತ್ತದೆ. ಅಲೆ ಇಲ್ಲದೆ ಶಾಂತವಾಗಿ ಕಾಣುವ ಆ ಜಾಗಕ್ಕೇ ಜನ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆಗೆ ಸೆಣಸಬೇಡಿ, ಸುಸ್ತಾಗಿ ಮುಳುಗುವುದು ಹಾಗೇ. ತೇಲುತ್ತಾ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಕೆಂಪು ಬಾವುಟ ಇದ್ದರೆ ಮೊಣಕಾಲುದ್ದವೂ ಬೇಡ. ಆ ತಿಂಗಳು ಥಾಯ್ಲೆಂಡಿನ ಪೂರ್ವ ಕರಾವಳಿ ಬದಿಯ ಸಮುಯಿ, ಫಂಗನ್, ಟಾವ್ ದ್ವೀಪಗಳ ಕಡಲು ಸಾಮಾನ್ಯವಾಗಿ ಶಾಂತ. ಆದರೆ ಅಲ್ಲಿ ಬಾಕ್ಸ್ ಜೆಲ್ಲಿ ಅನ್ನುವ ಲೋಳೆಮೀನು ಇದೆ, ಕೆಲವೇ ನಿಮಿಷದಲ್ಲಿ ಜೀವ ತೆಗೆಯಬಲ್ಲದು. ಕೆಲವು ತೀರಗಳಲ್ಲಿ ವಿನಿಗರ್ ಬಾಟಲಿ ಇಟ್ಟ ಕಂಬಗಳಿರುತ್ತವೆ. ಕುಟುಕಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಕನಿಷ್ಠ 30 ಸೆಕೆಂಡ್ ವಿನಿಗರ್ ಸುರಿಯುತ್ತಾ ಸಹಾಯಕ್ಕೆ ಕೂಗಿ. ಮೈ ಮುಚ್ಚುವ ಈಜುಡುಗೆ ಹಾಕಿದರೆ ಅರ್ಧ ಚಿಂತೆ ಕಮ್ಮಿ.

ದ್ವೀಪದ ರಾತ್ರಿ ಪಾರ್ಟಿಗಳಲ್ಲಿ ಬಕೆಟ್‌ನಲ್ಲಿ ಕಲಸಿ ಕೊಡುವ ಮದ್ಯ, ಪುಕ್ಕಟೆ ಶಾಟ್‌ಗಳು ಬೇಡ. 2024ರ ನವೆಂಬರಿನಲ್ಲಿ ಲಾವೋಸ್‌ನ ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ಬೆರೆತ ಮದ್ಯದಿಂದ 6 ವಿದೇಶಿ ಪ್ರವಾಸಿಗರು ತೀರಿಕೊಂಡರು, ಹೆಚ್ಚಿನವರು ನಿಮ್ಮ ವಯಸ್ಸಿನವರು. 2008ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರು, ಕೋಲಾರದ ಕಡೆ ನೂರಾರು ಮನೆಗಳಿಗೆ ಬಂದೆರಗಿದ ಕಳ್ಳಬಟ್ಟಿಯ ಸಾವು ಇದೇ ವಿಷದ್ದು. ರುಚಿ, ವಾಸನೆಯಿಂದ ಗೊತ್ತಾಗುವುದಿಲ್ಲ. ಕುಡಿಯುವವರು ಕಣ್ಣೆದುರು ಮುಚ್ಚಳ ತೆಗೆದ ಬಿಯರ್‌ಗೆ ನಿಲ್ಲಿ. ಮರುದಿನ ಕಣ್ಣು ಮಂಜಾದರೆ, ಉಸಿರು ಜೋರಾದರೆ ಹ್ಯಾಂಗೋವರ್ ಅಂತ ಮಲಗಿಸಬೇಡಿ. ಗಂಟೆಗಳ ಲೆಕ್ಕದಲ್ಲಿ ಡಯಾಲಿಸಿಸ್ ಇರುವ ಆಸ್ಪತ್ರೆ ಸೇರಬೇಕು.

ಹೊರಡುವ ಹಿಂದಿನ ವಾರ ನಾಲ್ವರೂ ಒಂದು ಸಂಜೆ ಕೂತು ಒಂದು ಒಪ್ಪಂದ ಮಾಡಿಕೊಳ್ಳಿ. ಯಾರಿಗೇ ಪರಚಿದರೂ, ಜ್ವರ ಬಂದರೂ ಅವತ್ತೇ ಹೇಳಬೇಕು. ಹೇಳಿದವರ ಜೊತೆ ಕನಿಷ್ಠ ಒಬ್ಬರು ಆಸ್ಪತ್ರೆಗೆ ಹೋಗಬೇಕು. ಆ ದಿನದ ಟಿಕೆಟ್ ದುಡ್ಡು ಹೋದರೆ ಅದನ್ನು ಎಲ್ಲರೂ ಹಂಚಿಕೊಳ್ಳಬೇಕು. ದುಡ್ಡಿನ ಮಾತು ಯಾಕೆ ಅಂದರೆ, ಆ ಹುಡುಗ 20 ದಿನ ಬಾಯಿಬಿಡದೇ ಇದ್ದದ್ದು ದೋಣಿಯ ಟಿಕೆಟ್ಟಿಗೋಸ್ಕರ.

ಜುಲೈ ಮೊದಲ ವಾರದೊಳಗೆ ಲಸಿಕೆಗೆ ಬನ್ನಿ, ಆಗ ಮೂರನೇ ಡೋಸಿಗೂ ಸಮಯ ಇರುತ್ತದೆ. ನಿಮ್ಮ ಊರಿನಲ್ಲೇ ಹಾಕಿಸಿದರೂ ಆಯಿತು, ಕಾರ್ಡಿನ ಫೋಟೋ ಫೋನಿನಲ್ಲಿರಲಿ. ವಾಪಸ್ ಬಂದ ಎರಡು ವಾರದೊಳಗೆ ಜ್ವರ ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದದ್ದು ನೀವು ಹೋಗಿದ್ದ ಊರುಗಳ ಹೆಸರು.